ತೇವ ಕುಡಿದ ಗೋಡೆಗಳು

ನೀರು ಕುಡಿದ ಗೋಡೆಯಲ್ಲಿ ಬೂಷ್ಟು ಹುಟ್ಟಲು ಎರಡು ದಿನ ಸಾಕು. ಸೋರಿಕೆಯಿಂದಲೋ ನೆರೆಯಿಂದಲೋ ಒದ್ದೆಯಾದ ಕಾಗದ, ಮರ, ಬಟ್ಟೆ, ಬಣ್ಣದ ಪದರ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಶಿಲೀಂಧ್ರದ ಎಳೆಗಳು ಅಲ್ಲಿ ಹರಡತೊಡಗುತ್ತವೆ. ಕಪ್ಪು, ಹಸಿರು, ಬೂದಿ ಬಣ್ಣದ ಚುಕ್ಕೆಗಳಾಗಿ ಅವು ಕಣ್ಣಿಗೆ ಬೀಳುವುದು ಆಮೇಲೆ. ಅದಕ್ಕೂ ಮೊದಲೇ ಮೂಗಿಗೆ ಸುಳಿವು ಸಿಕ್ಕಿರುತ್ತದೆ. ಬಹುಕಾಲ ಮುಚ್ಚಿಟ್ಟ ಟ್ರಂಕನ್ನು ತೆರೆದಾಗ ಬರುವ ಮುಗ್ಗಲು ವಾಸನೆ ಶಿಲೀಂಧ್ರಗಳು ಬೆಳೆಯುತ್ತ ಹೊರಬಿಡುವ ಅನಿಲಗಳದ್ದು. ಬೀಜಕಣಗಳು ಹೊಸದಾಗಿ ಎಲ್ಲಿಂದಲೂ ಬರಬೇಕಿಲ್ಲ. ಹೆಚ್ಚಾಗಿ 2ರಿಂದ 10 ಮೈಕ್ರಾನ್ ಗಾತ್ರದ ಅವು ಎಲ್ಲ ಮನೆಗಳ ಗಾಳಿಯಲ್ಲೂ ಎಲ್ಲ ಕಾಲದಲ್ಲೂ ತೇಲುತ್ತಿರುತ್ತವೆ. ದೂಳು, ಅಂಟು, ಪ್ಲೈವುಡ್, ಹಳೆಯ ಪುಸ್ತಕ ಎಂದು ಅವುಗಳಿಗೆ ಬೇಕಾದ ಆಹಾರವೂ ಮನೆಯಲ್ಲೇ ಇದೆ. ಕೊರತೆಯಿರುವುದು ನೀರಿಗೆ ಮಾತ್ರ. ಹಾಗಾಗಿ ಬೂಷ್ಟನ್ನು ಪೇಂಟರನ ಕೆಲಸವೆಂದು ತಿಳಿಯುವುದಕ್ಕಿಂತ ಪ್ಲಂಬರ್ ಮತ್ತು ಗಾರೆಯವರ ಕೆಲಸವೆಂದು ತಿಳಿಯುವುದು ಲೇಸು.

ಗೋಡೆಗೆ ಆ ನೀರು ಬರುವ ಒಂದು ದಾರಿ ಮಳೆ. ಮೈಸೂರಿನ ಮಳೆ ಕರಾವಳಿಯ ಮಳೆಯಂಥದ್ದಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಅಷ್ಟೆ. ಆದರೆ ಅದು ಬೀಳುವ ಕ್ರಮ ಗೋಡೆಗಳಿಗೆ ಒಗ್ಗುವಂಥದ್ದಲ್ಲ. ಮೇ ತಿಂಗಳ ಗುಡುಗು ಮಳೆಗೆ ನೆನೆದ ತಾರಸಿ, ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡದ, ಜಿಟಿಜಿಟಿ ಮಳೆಯ ದಿನಗಳಲ್ಲಿ ಪೂರ್ತಿ ಒಣಗುವುದಿಲ್ಲ. ಅಷ್ಟರಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನ ಜೋರು ಮಳೆ ಬಂದೇಬಿಡುತ್ತದೆ. ದಸರೆಗೆಂದು ಬಳಿಸಿದ ಬಣ್ಣ ದೀಪಾವಳಿಯ ಹೊತ್ತಿಗೆ ಬೊಬ್ಬೆ ಎದ್ದು ಉದುರುವ ಮನೆಗಳು ಈ ಊರಿನಲ್ಲಿ ಅಪರೂಪವಲ್ಲ.

ಲಕ್ಷ್ಮೀಪುರಂನಂಥ ಹಳೆಯ ಬಡಾವಣೆಯಲ್ಲಿ ಈ ಸಂಗತಿಗೆ ಇನ್ನೊಂದು ಮುಖವಿದೆ. 1898ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟ ಪ್ಲೇಗ್, ಕೋಟೆಯ ಸುತ್ತಲಿನ ಇಕ್ಕಟ್ಟಾದ ಕೇರಿಗಳಲ್ಲಿ ಗಾಳಿ ಬೆಳಕು ಇಲ್ಲದಿರುವುದರ ಬೆಲೆ ಏನೆಂದು ತೋರಿಸಿತ್ತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಆ ಕಾಲದಿಂದ ಊರಿನ ಹೊರಗೆ ಎದ್ದ ಬಡಾವಣೆಗಳಿಗೆ ಅಗಲವಾದ ನೇರ ರಸ್ತೆ, ಮನೆಗಳ ಹಿಂದೆ ಹೊಲಸು ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ, ಮನೆಯ ಸುತ್ತ ಒಂದಿಷ್ಟು ಬಯಲು ದೊರೆತವು. ಮೈಸೂರಿನ ಹಳೆಯ ಬಡಾವಣೆಗಳು ಬರೀ ಚೆಂದಕ್ಕಾಗಿ ಆದವುಗಳಲ್ಲ. ಅವು ಸಾರ್ವಜನಿಕ ಆರೋಗ್ಯದ ಯೋಜನೆಗಳೂ ಆಗಿದ್ದವು.

ಆಗಿನ ಮನೆಗಳು ನೀರನ್ನು ತಡೆಯುತ್ತಿರಲಿಲ್ಲ, ಕುಡಿದು ಹೊರಬಿಡುತ್ತಿದ್ದವು. ಇಟ್ಟಿಗೆಯ ದಪ್ಪ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಮೇಲೆ ಸುಣ್ಣದ ಬಳಿಕೆ. ಮೇಲುಗಡೆ ಮಂಗಳೂರು ಹೆಂಚು ಅಥವಾ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಕಟ್ಟಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಕಾಂಕ್ರೀಟನ್ನು ಬಡಿದು ಬಡಿದು ಕೂರಿಸುವುದು ಮದ್ರಾಸ್ ತಾರಸಿಯ ಕ್ರಮ. ಸುಣ್ಣದಲ್ಲಿ ಸಣ್ಣ ರಂಧ್ರಗಳಿರುತ್ತವೆ; ಒಳಹೊಕ್ಕ ತೇವ ಬಿಸಿಲು ಬಂದಾಗ ಆವಿಯಾಗಿ ಹೊರಬರುತ್ತದೆ. ಜೊತೆಗೆ ಹೊಸ ಸುಣ್ಣ ಬಲವಾದ ಕ್ಷಾರ, ಅದರ ಪಿಎಚ್ 12ಕ್ಕೂ ಮೇಲೆ. ಅಲ್ಲಿ ಶಿಲೀಂಧ್ರ ತಲೆಯೆತ್ತಲಾರದು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಸುಣ್ಣ ಕಾಲಕ್ರಮದಲ್ಲಿ ಸುಣ್ಣಕಲ್ಲಾಗಿ ಬದಲಾಗುತ್ತದೆ, ಕ್ಷಾರಗುಣ ಇಳಿಯುತ್ತದೆ. ಯುಗಾದಿಗೋ ದಸರೆಗೋ ಪ್ರತಿ ವರ್ಷ ಸುಣ್ಣ ಬಳಿಯುವ ಪದ್ಧತಿಗೆ ಹಬ್ಬದ ಸಡಗರದಷ್ಟೇ ಈ ರಸಾಯನಶಾಸ್ತ್ರದ ಬೆಂಬಲವೂ ಇದೆ. ಎತ್ತರದ ಚಾವಣಿ, ಅದರ ಕೆಳಗಿನ ಬೆಳಕಿಂಡಿ, ಎದುರುಬದುರಾದ ಬಾಗಿಲುಗಳು ಉಳಿದ ಕೆಲಸ ಮಾಡುತ್ತಿದ್ದವು.

ಈ ಮನೆಗಳು ರಿಪೇರಿಯಾಗುವಾಗ ಆಗುವ ಎಡವಟ್ಟು ಸರಳ. ಉದುರುವ ಗಾರೆಯ ಮೇಲೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್. ನೀರು ಬಿರುಕಿನಿಂದ, ಅಡಿಪಾಯದಿಂದ, ತಾರಸಿಯಿಂದ ಒಳಗೆ ಬರುವುದು ನಿಂತಿರುವುದಿಲ್ಲ. ಹೊರಗೆ ಹೋಗುವ ದಾರಿ ಮಾತ್ರ ಮುಚ್ಚಿರುತ್ತದೆ. ಬೆಳಕಿಂಡಿಗೆ ಗಾಜು ಕೂರಿಸಿ, ಎ.ಸಿ.ಗಾಗಿ ಕಿಟಕಿ ಬಿಗಿದು, ಚಾವಣಿಯ ಕೆಳಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಇಳಿಬಿಟ್ಟರೆ ಕತ್ತಲಿನ, ಗಾಳಿಯಾಡದ, ಕಾಗದದ ಹೊದಿಕೆಯುಳ್ಳ ಒಂದು ಅಟ್ಟ ಸಿದ್ಧವಾಗುತ್ತದೆ. ಸೋರಿಕೆ ಅದರ ಮೇಲೆ ಹನಿಯುತ್ತಿದ್ದರೂ ಕೆಳಗಿನವರಿಗೆ ತಿಳಿಯುವುದಿಲ್ಲ. ನೀರು ಹಳೆಯ ಸುಣ್ಣದ ಕಟ್ಟಡಗಳಿಗೆ ಏನು ಮಾಡಬಲ್ಲದು ಎಂಬುದಕ್ಕೆ ಮೈಸೂರಿನಲ್ಲಿ ಸಾಕ್ಷ್ಯ ಬೇಕಾದಷ್ಟಿದೆ: 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಹಾನಿಯಾಯಿತು, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ಕಾಲೇಜಿನ ವಿಜ್ಞಾನ ಕಟ್ಟಡದ ಸರದಿ. ಕುಸಿತ ಸುದ್ದಿಯಾಗುತ್ತದೆ. ಅದೇ ನೀರು ಮಲಗುವ ಕೋಣೆಯ ಬೀರುವಿನ ಹಿಂದೆ ಮಾಡುವ ಕೆಲಸ ಸುದ್ದಿಯಾಗುವುದಿಲ್ಲ.

ಮಳೆಯೊಂದನ್ನೇ ದೂರಿದರೂ ತಪ್ಪಾದೀತು. ಗೋಡೆಯೊಳಗೆ ಹುದುಗಿಸಿದ ಬಚ್ಚಲಿನ ಪೈಪು, ತುಂಬಿ ಹರಿಯುವ ಓವರ್‌ಹೆಡ್ ಟ್ಯಾಂಕ್, ಬಿರುಕು ಬಿಟ್ಟ ಸಂಪು, ಮಹಡಿಯ ಶೌಚಾಲಯದ ಕಿತ್ತುಹೋದ ಟೈಲ್ಸ್ ಸಂದು, ಹೂಕುಂಡಗಳ ಭಾರಕ್ಕೆ ನೀರು ನಿಂತ ಸಜ್ಜಾ, ಇವು ವರ್ಷವಿಡೀ ಜಿನುಗುತ್ತವೆ. ಗೋಡೆಯ ಮೇಲೆ ಕಾಣುವುದೆಲ್ಲ ಬೂಷ್ಟೂ ಅಲ್ಲ. ನೆಲದಿಂದ ಎರಡು ಮೂರು ಅಡಿಯವರೆಗೆ ಬಿಳಿಯ ಪುಡಿ ಉದುರುತ್ತಿದ್ದರೆ ಅದು ಚೌಳು; ಅಡಿಪಾಯದ ನೀರು ಮೇಲೇರಿ ಆವಿಯಾದಾಗ ಬಿಟ್ಟುಹೋದ ಉಪ್ಪು, ನೀರಿಗೆ ಹಾಕಿದರೆ ಕರಗುತ್ತದೆ. ಹೊರಗೋಡೆಯ ಹಸಿರು ಜಾರುವ ಪದರ ಪಾಚಿ, ಅದಕ್ಕೆ ಬೆಳಕು ಬೇಕು. ಒಳಗಿನ ಮೂಲೆಯಲ್ಲಿ, ಬೀರು ಮಂಚಗಳ ಹಿಂದೆ, ಕತ್ತಲಲ್ಲಿ, ಹತ್ತಿಯಂತೆಯೋ ಮಸಿಯಂತೆಯೋ ಹರಡುವುದು ಬೂಷ್ಟು. ಆದರೂ ಚೌಳಾಗಲಿ ಪಾಚಿಯಾಗಲಿ ನೀರಿನ ದಾರಿ ಎಲ್ಲಿದೆಯೆಂದು ತೋರಿಸುತ್ತವೆ. ಬೂಷ್ಟು ಅವುಗಳ ಹಿಂದೆಯೇ ಬರುತ್ತದೆ.

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವವು ಕ್ಲಾಡೊಸ್ಪೋರಿಯಂ, ಪೆನಿಸಿಲಿಯಂ, ಆಸ್ಪರ್ಜಿಲಸ್, ಆಲ್ಟರ್ನೇರಿಯಾ ಎಂಬ ಕುಲಗಳು. ಬಹುದಿನ ನೆನೆದ ಕಾಗದ, ಜಿಪ್ಸಮ್ ಹಲಗೆಗಳ ಮೇಲೆ ಸ್ಟಾಕಿಬೋಟ್ರಿಸ್ ಬರುತ್ತದೆ. ಅಮೆರಿಕದ ಪತ್ರಿಕೆಗಳು ‘ವಿಷದ ಕಪ್ಪು ಬೂಷ್ಟು’ ಎಂದು ಕುಖ್ಯಾತಿ ತಂದುಕೊಟ್ಟದ್ದು ಇದಕ್ಕೆ. ಬಣ್ಣ ನೋಡಿ ಜಾತಿ ಹೇಳಲಾಗದು, ಜಾತಿ ತಿಳಿದರೂ ಮಾಡಬೇಕಾದ ಕೆಲಸ ಬದಲಾಗದು. ಆದ್ದರಿಂದಲೇ ಅಮೆರಿಕದ ಆರೋಗ್ಯ ಸಂಸ್ಥೆಗಳು ಮನೆಯ ಬೂಷ್ಟನ್ನು ಪ್ರಯೋಗಾಲಯಕ್ಕೆ ಕಳಿಸುವ ವಾಡಿಕೆಯನ್ನು ಪ್ರೋತ್ಸಾಹಿಸುವುದಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಗೊಂದಲ ಸೇರಿಕೊಂಡಿತು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯ ನಡುವೆ, ‘ಕಪ್ಪು ಶಿಲೀಂಧ್ರ’ ಮನೆಮಾತಾಗಿ, ರಾಜ್ಯ ಸರ್ಕಾರ ಅದನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಆಗ ಬಚ್ಚಲುಮನೆಯ ಕಪ್ಪು ಚುಕ್ಕೆಗಳನ್ನು ಕಂಡು ಹೆದರಿದವರು ಕಡಿಮೆಯಲ್ಲ. ಆ ಕಾಯಿಲೆ ಮ್ಯೂಕರ್‌ಮೈಕೋಸಿಸ್; ಅದನ್ನು ತರುವ ರೈಜೋಪಸ್‌ನಂಥ ಶಿಲೀಂಧ್ರಗಳು ಗೋಡೆಯ ಕಪ್ಪು ಕಲೆಗಳಲ್ಲ. ರಕ್ತ ಸಂಚಾರ ನಿಂತು ಸತ್ತ ಮೂಗು ಕಣ್ಣಿನ ಭಾಗಗಳು ಕಪ್ಪಾಗುವುದರಿಂದ ಆ ಹೆಸರು ಬಂದಿತು. ಹತೋಟಿ ತಪ್ಪಿದ ಮಧುಮೇಹವಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಂಡಿತು.

ಹಾಗಾದರೆ ಗೋಡೆಯ ಬೂಷ್ಟಿನಿಂದ ನಿಜಕ್ಕೂ ಆಗುವುದೇನು? ಅಮೆರಿಕದ ವೈದ್ಯಕೀಯ ಸಂಸ್ಥೆ 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡಿದವು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಮೂಗು ಗಂಟಲಿನ ಕಿರಿಕಿರಿ, ಕೆಮ್ಮು, ಉಬ್ಬಸದ ಸಿಳ್ಳು, ಆಸ್ತಮಾ ಉಲ್ಬಣ ಹೆಚ್ಚು ಎಂಬುದಕ್ಕೆ ಸಾಕಷ್ಟು ಆಧಾರವಿದೆ ಎಂಬುದು ಅವುಗಳ ತೀರ್ಮಾನ. 2007ರಲ್ಲಿ ಪ್ರಕಟವಾದ ಇನ್ನೊಂದು ಒಟ್ಟು ವಿಶ್ಲೇಷಣೆ ಆ ಹೆಚ್ಚಳವನ್ನು ಶೇ 30ರಿಂದ 50ರಷ್ಟು ಎಂದು ಅಂದಾಜಿಸಿತು. ಇಲ್ಲಿ ಒಂದು ಸೂಕ್ಷ್ಮವಿದೆ. ತೇವದ ಮನೆಯಲ್ಲಿ ಬೂಷ್ಟು ಒಂಟಿಯಾಗಿರುವುದಿಲ್ಲ. ದೂಳಿನ ನುಸಿ, ಬ್ಯಾಕ್ಟೀರಿಯಾ, ಜಿರಳೆ ಎಲ್ಲವೂ ಆ ತೇವವನ್ನೇ ಹಂಚಿಕೊಂಡಿರುತ್ತವೆ. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮನೆಯವರಿಗೆ ಆ ಲೆಕ್ಕ ಅಗತ್ಯವೂ ಇಲ್ಲ, ಎಲ್ಲವನ್ನೂ ಓಡಿಸುವ ಉಪಾಯ ಒಂದೇ ಆಗಿರುವುದರಿಂದ.

ಬೀಜಕಣಗಳೂ ಅವುಗಳ ಚೂರುಗಳೂ ಉಸಿರಿನ ಜೊತೆ ಒಳಹೋದಾಗ ಎರಡು ದಾರಿಯಲ್ಲಿ ತೊಂದರೆ ಕೊಡುತ್ತವೆ. ಅಲರ್ಜಿಯಿರುವ ದೇಹ ಅವುಗಳ ಪ್ರೋಟೀನನ್ನು ಶತ್ರುವೆಂದು ಗುರುತಿಸಿ ಸೀನು, ಮೂಗಿನ ಸೋರಿಕೆ, ಶ್ವಾಸನಾಳದ ಬಿಗಿತ ತರುತ್ತದೆ. ಅಲರ್ಜಿ ಇಲ್ಲದವರಲ್ಲೂ ಶಿಲೀಂಧ್ರದ ಜೀವಕೋಶದ ಗೋಡೆಯಲ್ಲಿರುವ ಗ್ಲುಕಾನ್‌ನಂಥ ವಸ್ತುಗಳು ಮತ್ತು ಆ ಮುಗ್ಗಲು ಅನಿಲಗಳು ಗಂಟಲನ್ನು ಕೆರಳಿಸಬಲ್ಲವು. ಸತ್ತ ಬೀಜಕಣಕ್ಕೂ ಅಲರ್ಜಿ ತರುವ ಗುಣ ಇದ್ದೇ ಇರುತ್ತದೆ. ಔಷಧ ಸಿಂಪಡಿಸಿ ಕೊಂದರೆ ಸಾಲದು, ತೆಗೆಯಬೇಕು ಎನ್ನುವುದು ಇದಕ್ಕೇ. ರಾತ್ರಿ ಹೆಚ್ಚಾಗುವ, ಊರಿಗೆ ಹೋದಾಗ ಕಡಿಮೆಯಾಗಿ ಮನೆಗೆ ಮರಳಿದ ಎರಡು ದಿನಕ್ಕೆ ಮತ್ತೆ ಶುರುವಾಗುವ ಕೆಮ್ಮು ವೈದ್ಯರಿಗೆ ಒಳ್ಳೆಯ ಸುಳಿವು. ಮಕ್ಕಳಲ್ಲಿ ಇದನ್ನು ‘ಶೀತದ ಮೈ’ ಎಂದು ತಳ್ಳಿಹಾಕುವುದು ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ. ಮಗುವಿನ ಮೈಯನ್ನು ದೂರುವ ಮೊದಲು ಅದು ಮಲಗುವ ಮಂಚದ ಹಿಂದಿನ ಗೋಡೆಯನ್ನೊಮ್ಮೆ ಮುಟ್ಟಿ ನೋಡುವುದು ಮೇಲು.

ಅಪರೂಪವಾದರೂ ಗಂಭೀರವಾದ ಕಾಯಿಲೆಯೊಂದು ಅತಿಸಂವೇದನೆಯ ನ್ಯೂಮೋನೈಟಿಸ್. ಇದರಲ್ಲಿ ಶ್ವಾಸನಾಳಕ್ಕಿಂತ ಆಳದಲ್ಲಿರುವ ಗಾಳಿಚೀಲಗಳೇ ಊದಿಕೊಳ್ಳುತ್ತವೆ. ಮೊದಮೊದಲು ಜ್ವರ, ಒಣಕೆಮ್ಮು. ತಿಂಗಳುಗಟ್ಟಲೆ ಮುಂದುವರಿದರೆ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗಿ, ಮೆಟ್ಟಿಲೇರಲೂ ಏದುಸಿರು. ಇದನ್ನು ಪಾರಿವಾಳ ಸಾಕುವವರ, ಹುಲ್ಲು ಮೇವಿನಲ್ಲಿ ಕೆಲಸ ಮಾಡುವವರ ಕಾಯಿಲೆಯೆಂದು ವೈದ್ಯಕೀಯ ಪುಸ್ತಕಗಳು ಹೇಳುತ್ತಿದ್ದವು. ಭಾರತದ 19 ನಗರಗಳ 27 ಕೇಂದ್ರಗಳಲ್ಲಿ 1,084 ರೋಗಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ದಾಖಲಾತಿ ಬೇರೆಯೇ ಚಿತ್ರ ಕೊಟ್ಟಿತು. ಶ್ವಾಸಕೋಶ ಗಟ್ಟಿಯಾಗುವ ಬಗೆಬಗೆಯ ಕಾಯಿಲೆಗಳಿಂದ ಬಂದ ಆ ರೋಗಿಗಳಲ್ಲಿ ಶೇ 47ರಷ್ಟು ಮಂದಿಗೆ ಈ ನ್ಯೂಮೋನೈಟಿಸ್ ಇತ್ತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಏರ್‌ಕೂಲರ್ ಬಳಸುತ್ತಿದ್ದವರು. ಕೂಲರಿನ ಒದ್ದೆ ಹುಲ್ಲಿನ ಹಾಸು ಬೇಸಿಗೆಯಲ್ಲೂ ಮಳೆಗಾಲದ ಗೋಡೆಯೇ. ಏಪ್ರಿಲ್‌ನಲ್ಲಿ ಅಟ್ಟದಿಂದಿಳಿಸಿದ ಕೂಲರನ್ನು ಹಾಸು ಬದಲಿಸದೆ ಚಾಲೂ ಮಾಡುವವರು ಈ ಅಂಕಿಯನ್ನು ನೆನಪಿಡಬಹುದು.

ಇನ್ನೊಂದು ಅಪಾಯ ನಮ್ಮ ದೇಶಕ್ಕೆ ಹೆಚ್ಚು ಅನ್ವಯಿಸುವಂಥದ್ದು. ಕ್ಷಯ ವಾಸಿಯಾದ ಮೇಲೂ ಕೆಲವರ ಶ್ವಾಸಕೋಶದಲ್ಲಿ ಪೊಳ್ಳು ಉಳಿದಿರುತ್ತದೆ. ಆ ಪೊಳ್ಳಿನಲ್ಲಿ ಆಸ್ಪರ್ಜಿಲಸ್ ನೆಲೆಸಿ ಚೆಂಡಿನಂತೆ ಬೆಳೆಯಬಲ್ಲದು. ತೂಕ ಇಳಿಯುವುದು, ಕೆಮ್ಮು, ಕಫದಲ್ಲಿ ರಕ್ತ, ಎಲ್ಲವೂ ಕ್ಷಯ ಮರುಕಳಿಸಿದಂತೆಯೇ. ಕಫದಲ್ಲಿ ಕ್ಷಯದ ಕ್ರಿಮಿ ಸಿಗದಿದ್ದರೂ ಮತ್ತೆ ಕ್ಷಯದ ಮಾತ್ರೆ ನುಂಗಿಸುವ ತಪ್ಪು ಇಲ್ಲಿ ಆಗುತ್ತದೆ. ಆಸ್ತಮಾ ಇರುವ ಕೆಲವರಲ್ಲಿ ಅದೇ ಆಸ್ಪರ್ಜಿಲಸ್ ಶ್ವಾಸನಾಳದೊಳಗೆ ಅಲರ್ಜಿಯ ಬೇರೆ ರೂಪ ತಾಳಿ, ಕಂದು ಬಣ್ಣದ ಗಟ್ಟಿ ಕಫದ ತುಂಡುಗಳನ್ನು ಕೊಡುತ್ತದೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ, ಒಂದು ಶತಮಾನದಷ್ಟು ಹಳೆಯ ಕ್ಷಯ ಆಸ್ಪತ್ರೆಯಿರುವ ಊರಿನಲ್ಲಿ ಹಳೆಯ ಕ್ಷಯರೋಗಿಗಳಿರುವ ಮನೆಗಳಿಗೆ ಕೊರತೆಯಿಲ್ಲ. ಅಂಥವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಬಹುಕಾಲ ಸ್ಟೀರಾಯ್ಡ್ ನುಂಗುವವರು ಬೂಷ್ಟು ಕೆರೆಯುವ ಕೆಲಸಕ್ಕೆ ಕೈಹಾಕಲೇಬಾರದು, ಅದು ನಡೆಯುವಾಗ ಮನೆಯಲ್ಲೂ ಇರಬಾರದು.

ಬೂಷ್ಟಿನ ವಿಷದ ಬಗ್ಗೆ ಹಬ್ಬಿರುವ ಭಯದಲ್ಲಿ ಅರ್ಧ ಸತ್ಯವಿದೆ. 1993–94ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ಮನೆಗಳ ಸ್ಟಾಕಿಬೋಟ್ರಿಸ್ ಮೇಲೆ ಅನುಮಾನ ಬಿತ್ತು. 2000ದಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ದಾಖಲೆಗಳನ್ನು ಮರುಪರಿಶೀಲಿಸಿ, ಆ ನಂಟು ಸಾಬೀತಾಗಿಲ್ಲ ಎಂದಿತು. ಗೋಡೆಯ ಬೂಷ್ಟಿನ ವಿಷ ಗಾಳಿಯಲ್ಲಿ ತೇಲಿಬಂದು ನೆನಪಿನ ಶಕ್ತಿ ಕುಂದಿಸುತ್ತದೆ ಎಂಬಂಥ ಮಾತುಗಳಿಗೂ ಗಟ್ಟಿ ಆಧಾರವಿಲ್ಲ. ತಿಂದಾಗ ಮಾತ್ರ ಕಥೆ ಬೇರೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ, ಅಕಾಲಿಕ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು; ಕಾರಣ ಫ್ಯುಮೊನಿಸಿನ್ ಎಂಬ ಶಿಲೀಂಧ್ರ ವಿಷ. ಕಡಲೆಕಾಯಿ, ಮೆಕ್ಕೆಜೋಳಗಳಲ್ಲಿ ಬರುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ಮಾರಕ, ಬೇಯಿಸಿದರೂ ಹುರಿದರೂ ಪೂರ್ತಿ ಹೋಗದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳಿಂದ ಕೆಲಸ ಮಾಡುತ್ತಿರುವ ವಿಷಯ ಇದು. ಕಪಿಲಾ ನದಿ ಉಕ್ಕಿ 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ತಗ್ಗು ಕೇರಿಗಳಿಗೆ ನುಗ್ಗಿದಂಥ ಸಂದರ್ಭಗಳಲ್ಲಿ ಮೊದಲು ನೆನೆಯುವುದು ನೆಲದ ಮೇಲಿನ ಅಕ್ಕಿ ರಾಗಿ ಮೂಟೆಗಳು. ಒಣಗಿಸಿ, ತೊಳೆದು ಬಳಸೋಣವೆನ್ನುವ ಬಡತನದ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಆದರೆ ಬೂಷ್ಟು ಕಂಡ ಕಾಳನ್ನು ದನಕ್ಕೂ ಹಾಕಬಾರದು. ಅಫ್ಲಾಟಾಕ್ಸಿನ್ ಹಾಲಿನ ಮೂಲಕ ಮರಳುತ್ತದೆ.

ತೊಂದರೆಯ ಹೊಣೆ ಯಾರದು ಎಂಬ ಪ್ರಶ್ನೆ ಬಾಡಿಗೆ ಮನೆಗಳಲ್ಲಿ ಬರುತ್ತದೆ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಮಗುವೊಂದು ಬೂಷ್ಟು ತುಂಬಿದ ಬಾಡಿಗೆ ಮನೆಯಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. 2022ರ ನವೆಂಬರ್‌ನಲ್ಲಿ ಸಾವಿಗೆ ಬೂಷ್ಟೇ ಕಾರಣವೆಂದು ಅಲ್ಲಿನ ವಿಚಾರಣಾಧಿಕಾರಿ ಹೇಳಿದ ಮೇಲೆ, ಮನೆ ಮಾಲೀಕ ಸಂಸ್ಥೆಗಳು ಗೊತ್ತುಪಡಿಸಿದ ಅವಧಿಯೊಳಗೆ ತೇವ ಸರಿಪಡಿಸಲೇಬೇಕೆನ್ನುವ ಕಾನೂನು ಆ ಮಗುವಿನ ಹೆಸರಿನಲ್ಲೇ ಬಂದಿತು. ಭಾರತದಲ್ಲಿ ಹಾಗೆ ಬೂಷ್ಟನ್ನು ಹೆಸರಿಸಿದ ಬಾಡಿಗೆ ಕಾನೂನಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ಮೂಲ ದುರಸ್ತಿ, ಸುಣ್ಣಬಣ್ಣ, ಕೊಳಾಯಿ ಬದಲಾವಣೆಗಳನ್ನು ಮಾಲೀಕರ ಪಾಲಿಗೆ ಹಾಕಿದೆ. ವಾಸ್ತವದಲ್ಲಿ ಬಾಡಿಗೆದಾರರು ಬೀರುವನ್ನು ಎಳೆದು ಕಲೆ ಮುಚ್ಚುತ್ತಾರೆ, ಮಾಲೀಕರು ಮುಂದಿನ ಬಾಡಿಗೆದಾರರು ಬರುವ ಮುನ್ನ ಬಣ್ಣ ಬಳಿಸುತ್ತಾರೆ.

ನೀರು ನುಗ್ಗಿದ ಮನೆಯಲ್ಲಿ ಮೊದಲ ಕೆಲಸ ಮೇನ್ ಸ್ವಿಚ್ ಆರಿಸುವುದು. ಒದ್ದೆ ಗೋಡೆಯ ವೈರಿಂಗ್ ಬೂಷ್ಟಿಗಿಂತ ಬೇಗ ಕೊಲ್ಲುತ್ತದೆ. ಆಮೇಲೆ ನೀರಿನ ಮೂಲ ನಿಲ್ಲಿಸಿ, ಕಿಟಕಿ ಬಾಗಿಲು ತೆರೆದು, ಪೀಠೋಪಕರಣಗಳನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಎರಡು ದಿನದೊಳಗೆ ಎಷ್ಟು ಸಾಧ್ಯವೋ ಅಷ್ಟು ಒಣಗಿಸಬೇಕು. ನೆನೆದ ಹತ್ತಿ ಹಾಸಿಗೆ, ದಿಂಬು, ಉಬ್ಬಿದ ಪಾರ್ಟಿಕಲ್ ಬೋರ್ಡ್, ಜಿಪ್ಸಮ್ ಹಲಗೆ ಉಳಿಸುವಂಥವಲ್ಲ. ಗಟ್ಟಿ ಮರ, ಗಾಜು, ಲೋಹ, ಟೈಲ್ಸ್‌ಗಳನ್ನು ಸೋಪಿನ ನೀರಿನಿಂದ ಉಜ್ಜಿದರೆ ಸಾಕು. ಒಣ ಪೊರಕೆಯಿಂದ ಬೂಷ್ಟು ಗುಡಿಸಿದರೆ ಗೋಡೆಯಲ್ಲಿದ್ದುದು ಗಾಳಿಗೆ ಬರುತ್ತದೆ. ಒದ್ದೆ ಬಟ್ಟೆಯಿಂದಲೇ ಒರೆಸಬೇಕು, ಎನ್–95 ಮಾಸ್ಕ್, ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಒಂದು ಚದರ ಮೀಟರಿಗಿಂತ ಹೆಚ್ಚು ಜಾಗದಲ್ಲಿ ಹರಡಿದ್ದರೆ ಕೆಲಸ ಬಲ್ಲವರಿಗೆ ಬಿಡುವುದು ಒಳ್ಳೆಯದು.

ಬ್ಲೀಚು ಗೋಡೆಯ ಮೇಲ್ಮೈಯ ಬಣ್ಣ ತೆಗೆಯುತ್ತದೆ, ರಂಧ್ರದೊಳಗಿನ ಎಳೆಗಳನ್ನು ಮುಟ್ಟುವುದಿಲ್ಲ. ಅದರ ಜೊತೆ ಬಚ್ಚಲು ತೊಳೆಯುವ ಆ್ಯಸಿಡ್ ಸೇರಿದರೆ ಹೊಮ್ಮುವುದು ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಾಪಾಯ. ಸಾಂಬ್ರಾಣಿ ಹೊಗೆ ಮುಗ್ಗಲು ವಾಸನೆಯನ್ನು ಮರೆಮಾಚಿ ಆಸ್ತಮಾ ಇರುವವರ ಉಸಿರನ್ನು ಇನ್ನಷ್ಟು ಕಟ್ಟುತ್ತದೆ. ಮೈಸೂರು ರೇಷ್ಮೆಯ ಸೀರೆಗಳ ನಡುವೆ ಇಡುವ ನುಸಿಗುಳಿಗೆ ಬೂಷ್ಟಿಗೆ ಔಷಧವಲ್ಲ, ಜೊತೆಗೆ ಕೆಲವು ಹಸುಗೂಸುಗಳಲ್ಲಿ ರಕ್ತಕಣ ಒಡೆಯುವಷ್ಟು ವಿಷಕಾರಿ. ಸುಣ್ಣಕ್ಕೆ ಮೈಲುತುತ್ತ ಬೆರೆಸುವ ಉಪಾಯವನ್ನು ಹಳಬರು ಹೇಳುವುದುಂಟು. ಸುಣ್ಣ ಮತ್ತು ಮೈಲುತುತ್ತ ಸೇರಿದರೆ ಬೋರ್ಡೋ ದ್ರಾವಣ; 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞನಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಮದ್ದಾಗಿ ರೂಢಿಗೆ ತಂದದ್ದು. ತೋಟದಲ್ಲಿ ಅದರ ಗುಣ ದೊಡ್ಡದು. ಮಕ್ಕಳು ಕೈಯಿಟ್ಟು ಬಾಯಿಗೆ ಹಾಕಿಕೊಳ್ಳುವ ಒಳಗೋಡೆಗೆ ತಾಮ್ರದ ಲವಣ ಬೇಡ, ಬರಿಯ ಸುಣ್ಣ ಸಾಕು.

ದುರಸ್ತಿ ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಸಾಗಬೇಕು. ತಾರಸಿಯ ಬಿರುಕು, ಒಡೆದ ಹೆಂಚು, ಎಲೆ ಕಟ್ಟಿದ ನೀರ್ಗೊಳವೆ ಮೊದಲು. ಆಮೇಲೆ ಹೊರಗೋಡೆ, ಗೋಡೆಯ ಬುಡಕ್ಕೆ ಒತ್ತಿಕೊಂಡ ಮಣ್ಣು, ಸಿಮೆಂಟ್ ಅಂಗಳದ ಇಳಿಜಾರು. ಪೈಪು, ಟೈಲ್ಸ್ ಸಂದು ಆಮೇಲೆ. ಒಳಗಿನ ಪ್ಲಾಸ್ಟರ್ ಕೊನೆಗೆ. ಹಳೆಯ ಇಟ್ಟಿಗೆ ಮನೆಗೆ ಸುಣ್ಣದ ಗಾರೆಯನ್ನೇ ಮತ್ತೆ ಹಾಕಿಸುವುದು ಉತ್ತಮ. ಅದನ್ನು ಬಲ್ಲ ಗಾರೆಯವರು ಕಡಿಮೆಯಾಗುತ್ತಿದ್ದಾರೆ, ಕೂಲಿ ಹೆಚ್ಚು, ಒಣಗಲು ದಿನ ಹಿಡಿಯುತ್ತದೆ. ಮೈಸೂರಿನಲ್ಲಿ ಇದಕ್ಕೆ ಹದವಾದ ಕಾಲ ಜನವರಿಯಿಂದ ಏಪ್ರಿಲ್‌ವರೆಗೆ. ಗೋಡೆ ಒಣಗಿದೆಯೇ ಎಂದು ತಿಳಿಯಲು ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಕಡೆ ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡುವ ಕ್ರಮವಿದೆ. ಹಾಳೆಯ ಒಳಮೈ ಬೆವರಿದ್ದರೆ ತೇವ ಗೋಡೆಯೊಳಗೇ ಇದೆ, ಬಣ್ಣದ ಡಬ್ಬಿ ತೆರೆಯಲು ಇನ್ನೂ ಕಾಯಬೇಕು.